ಮೂರು ಮೊಳ ನೆರಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರದೋ ಬಾಯಿಂದ ಕೇಳುವುದು ಬೇಡ. ನಮ್ಮೂರಿನಲ್ಲಿ ನೆರಳಿನ ತೆರಿಗೆಯನ್ನು ಸಂಜೆ ಅಳೆಯುವ ಪದ್ಧತಿ ತಂದವನು ನಾನೇ. ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಆಗೆಲ್ಲ ಯುಗಾದಿ ಕಳೆದ ಮೇಲೆ ಹತ್ತು ದಿನ, ಸೂರ್ಯ ನೆತ್ತಿಗೆ ಬಂದಾಗ, ಮನೆಮನೆಗೆ ಹೋಗಿ ನಮ್ಮ ಕಣ್ಣೆದುರಿಗೇ ನೆರಳು ಕೊಯ್ಯಿಸಿ ಅಳೆಯಬೇಕಿತ್ತು. ಒಂದು ವರ್ಷ ನಮ್ಮ ಜವಾನ ಅಳತೆಯ ನಡುವೆಯೇ ಕುಸಿದು ಬಿದ್ದು ಮೂರು ದಿನ ಮಾತಾಡಲಿಲ್ಲ. ನನಗೂ ಸಾಕಾಗಿತ್ತು. ಒಂದು ಪುಟದ ಟಿಪ್ಪಣಿ ಬರೆದೆ: ಜನ ತಮ್ಮ ನೆರಳನ್ನು ತಾವೇ ಕೊಯ್ದುಕೊಳ್ಳಲಿ, ಯಾವ ಹೊತ್ತಿನದಾದರೂ ಸರಿ, ಸಂಜೆ ಐದಕ್ಕೆ ಉಗ್ರಾಣಕ್ಕೆ ತರಲಿ, ನಾವು ತಂಪು ಹೊತ್ತಿನಲ್ಲಿ ಕೂತು ಅಳೆಯೋಣ. ಎಲ್ಲರೂ ನನ್ನನ್ನು ಹರಸಿದರು. ಹತ್ತು ಮಧ್ಯಾಹ್ನಗಳಲ್ಲಿ ನಾವು ಮುಟ್ಟಲಾಗದಿದ್ದ ಮನೆಗಳವರೂ ತಂದದ್ದರಿಂದ ಆ ವರ್ಷ ವಸೂಲಿ ನಾಲ್ಕು ಪಟ್ಟಾಯಿತು. ಪುರಸಭೆಯವರು ಸಭೆ ಕರೆದು ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದು ಇನ್ನೂ ಕೆಟ್ಟಿಲ್ಲ, ದರಿದ್ರದ್ದು.

ನನ್ನ ಹೆಸರು ಮಾನಪ್ಪ. ಪುರಸಭೆಯ ನೆರಳು ಉಗ್ರಾಣದಲ್ಲಿ ಅಳತೆಗಾರ. ಹಿಂದೆ ಅಳತೆಗೆ ಒಂದು ಕಬ್ಬಿಣದ ಕೋಲಿತ್ತು, ಅದು ತುಕ್ಕು ಹಿಡಿದು ಮುರಿದ ಮೇಲೆ ನನ್ನ ಬಲಗೈಯನ್ನೇ ಊರಿನ ಮೊಳ ಎಂದು ಠರಾವು ಮಾಡಿದರು. ಮೊಳಕೈಯಿಂದ ನಡುಬೆರಳ ತುದಿಯವರೆಗೆ. ಹಾಗಾಗಿ ಈ ಕೈಯನ್ನು ಮುರಿದುಕೊಳ್ಳದೆ, ಊದಿಸಿಕೊಳ್ಳದೆ ಕಾಪಾಡಿಕೊಂಡು ಬಂದಿದ್ದೇನೆ. ನೆರಳು ಕೊಯ್ಯುವುದು ದೊಡ್ಡ ವಿದ್ಯೆಯೇನಲ್ಲ. ಅಂಚಿನ ಗುಂಟ ಒದ್ದೆ ನೂಲು ಒತ್ತಿ ಎಳೆದರೆ ನೆಲದಿಂದ ಬಿಡುತ್ತದೆ, ಚಾಪೆಯ ಹಾಗೆ ಸುತ್ತಿ ಹುರಿಯಿಂದ ಕಟ್ಟಬೇಕು, ಅಷ್ಟೆ. ಮಧ್ಯಾಹ್ನದ ನೆರಳು ದಪ್ಪ, ಭಾರ, ನೆನೆಸಿದ ಗೋಣಿಚೀಲದಷ್ಟು ತಂಪು. ಸಂಜೆಯದು ಉದ್ದ, ಆದರೆ ತೆಳು, ತಲೆಯ ಮೇಲೆ ಹಿಡಿದರೆ ಬಿಸಿಲು ಸುಡುತ್ತಾ ಬಂದು ಒಂದು ತಾಸಿನಲ್ಲಿ ತೂತು ಬೀಳುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಮೊಳದ ಕಾಲಂ ಇದೆ. ದಪ್ಪ ತೆಳುವಿನ ಕಾಲಂ ಇಲ್ಲ. ಮಧ್ಯಾಹ್ನವೇ ಅಳೆಯುತ್ತಿದ್ದಾಗ ಅದು ಬೇಕಾಗಿರಲಿಲ್ಲ, ಟಿಪ್ಪಣಿ ಬರೆಯುವಾಗ ನನಗೆ ಹೊಳೆಯಲಿಲ್ಲ.

ನನಗೆ ಹೊಳೆಯದಿದ್ದದ್ದು ಬೇರೆಯವರಿಗೆ ಬೇಗ ಹೊಳೆಯಿತು. ಓಣಿಯ ಮಂದಿಗೆ ಸಂಜೆ ನೆರಳು ಕೊಯ್ಯುವ ಭಾಗ್ಯ ಇರಲಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ನನ್ನ ಬೇವಿನ ಮರದ ಸಂಜೆ ನೆರಳು ಪಕ್ಕದವನ ಅಂಗಳಕ್ಕೆ ಬೀಳುತ್ತದೆ, ಯಾರ ನೆಲದ ಮೇಲೆ ಬಿದ್ದರೆ ಅದು ಅವರದು. ಆದ್ದರಿಂದ ಅವರೆಲ್ಲ ಮಧ್ಯಾಹ್ನ ಮರದ ಬುಡದಲ್ಲೇ ಬಿದ್ದ ದಪ್ಪ ನೆರಳನ್ನು ಐದು ಮೊಳ, ಆರು ಮೊಳ ಕೊಯ್ದು ತಲೆಯ ಮೇಲೆ ಹೊತ್ತು ತಂದು ಸಂಜೆಯವರೆಗೆ ಸಾಲಿನಲ್ಲಿ ಕೂರುತ್ತಿದ್ದರು. ಉದ್ದನೆಯ ನೆರಳು ಚಾಚಿಕೊಳ್ಳಲು ಬಯಲು ಇದ್ದದ್ದು ಗುಡ್ಡದ ರಾಚಪ್ಪ ಸಾವುಕಾರರಿಗೆ ಮಾತ್ರ.

ಸಾವುಕಾರರದು ಗುಡ್ಡದ ಮೇಲೆ ಕೋಲ್ಡ್ ಸ್ಟೋರೇಜು. ಊರಿನ ಮೆಣಸಿನಕಾಯಿಯೆಲ್ಲ ಅಲ್ಲಿಗೇ ಹೋಗುತ್ತದೆ. ನನ್ನ ಪದ್ಧತಿ ಬಂದ ಮರುವರ್ಷ ಅವರು ಅದರ ಮುಂದೆ ಅರವತ್ತು ಅಡಿ ಎತ್ತರದ ಗೋಡೆ ಕಟ್ಟಿಸಿದರು. ಬರೀ ಗೋಡೆ. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಹಿಂದೆ ಮನೆಯಿಲ್ಲ. ಸಾವುಕಾರರಿಗೆ ತಲೆ ಕೆಟ್ಟಿದೆ ಎಂದು ನಾವು ನಕ್ಕೆವು. ಸಂಜೆಯಾದರೆ ಅದರ ನೆರಳು ಇಳಿಜಾರಿನ ಗುಂಟ ಜಾರಿ ಬಸ್ ಸ್ಟ್ಯಾಂಡಿನವರೆಗೆ ಬರುತ್ತಿತ್ತು. ಆ ಇಳಿಜಾರನ್ನೂ ಅವರು ಪುರಸಭೆಯಿಂದ ಗುತ್ತಿಗೆ ಹಿಡಿದಿದ್ದರು. ಅರ್ಧ ತಾಸಿನಲ್ಲಿ ಎರಡು ಸಾವಿರ ಮೊಳ ಕೊಯ್ದು ಕಳಿಸಿದರು. ಒಬ್ಬನೇ ಆಳು ಹೆಗಲ ಮೇಲೆ ಹಾಕಿಕೊಂಡು ಬಂದ. ನಾನು ಮೂರು ದಿನ ಕೈಸೋಲುವಂತೆ ಅಳೆದೆ. ಊರೆಲ್ಲ ಸೇರಿ ಕೊಟ್ಟದ್ದು ಸಾವಿರದ ಮುನ್ನೂರು.

ಅಂದಿನಿಂದ ಪ್ರತಿ ವರ್ಷ ಅತಿ ಹೆಚ್ಚು ತೆರಿಗೆ ಕೊಟ್ಟವರೆಂದು ರಾಚಪ್ಪ ಸಾವುಕಾರರಿಗೆ ಶಾಲು ಹೊದಿಸುತ್ತೇವೆ. ಮೊಳಗಳ ಸಂಖ್ಯೆ ಓದುವವನು ನಾನೇ. ಅಷ್ಟು ಕೊಡುವವರು ಊರು ಬಿಟ್ಟು ಹೋಗಬಾರದಲ್ಲ, ಅದಕ್ಕೆ ಪುರಸಭೆ ಅವರಿಗೆ ಏಳುನೂರು ಮೊಳ ತಿರುಗಿ ಕೊಡುತ್ತದೆ. ಕಾಯಿ ಕೆಡದಿರಲಿ ಎಂದು ಮಧ್ಯಾಹ್ನದ ದಪ್ಪ ನೆರಳನ್ನೇ ಕೊಡುತ್ತದೆ. ಓಣಿಯ ಬೇವು, ಹುಣಸೆ, ಶಾಲೆಯ ಹೊಂಗೆ ಎಲ್ಲ ಅದರಲ್ಲಿ ಹೋಗುತ್ತವೆ. ನಾಲ್ಕು ಎತ್ತಿನ ಗಾಡಿ ಬೇಕು ಅದನ್ನು ಗುಡ್ಡ ಹತ್ತಿಸಲು. ಇದಕ್ಕೆ ಪ್ರೋತ್ಸಾಹದ ನೆರಳು ಎಂದು ಹೆಸರು. ಬಿಸಿಲಿನಲ್ಲಿ ದುಡಿಯುವ ಬಡವರು ಅರ್ಜಿ ಹಾಕಿದರೆ ಅವರಿಗೂ ಉಂಟು, ಅದಕ್ಕೆ ಸಹಾಯದ ನೆರಳು ಎಂದು ಹೆಸರು. ಅವರಿಗೆ ಕೊಡುವುದು ಗೋಡೆಯ ಸಂಜೆ ನೆರಳು. ರಿಜಿಸ್ಟರು ನೋಡಿದವರು ಯಾರೇ ಆಗಲಿ, ಸಾವುಕಾರರು ಎರಡು ಸಾವಿರ ಕೊಟ್ಟು ಏಳುನೂರು ಪಡೆದರು, ಊರಿಗೆ ಸಾವಿರದ ಮುನ್ನೂರು ಉಳಿಯಿತು ಎಂದೇ ಹೇಳಬೇಕು. ನಾನೂ ಚಹಾದಂಗಡಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಜೋರಾಗಿಯೇ ಹೇಳುತ್ತಿದ್ದೆ.

ಇಷ್ಟೆಲ್ಲ ಹೇಳುತ್ತಿರುವುದು ನನ್ನ ತಂಗಿ ಹುಲಿಗೆಮ್ಮನ ಸಲುವಾಗಿ. ಅವಳ ಗಂಡ ತೀರಿಕೊಂಡ ವರ್ಷ ಮಳೆಗೆ ಅವಳ ಮನೆ ಕುಸಿಯಿತು. ಬೇರೆಯವರ ಜಾಗದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಳು. ತಗಡಿನ ನೆರಳು ಜಾಗದವನದು. ಮರವಿಲ್ಲ, ಗೋಡೆಯಿಲ್ಲ. ಅಂಥವರು ತಮ್ಮ ಮೈಯ ನೆರಳನ್ನೇ ಕೊಡಬೇಕೆಂದು ಕಾನೂನಿದೆ. ಮರದ ನೆರಳು ಮುಂದಿನ ವರ್ಷಕ್ಕೆ ಮತ್ತೆ ತುಂಬಿಕೊಳ್ಳುತ್ತದೆ, ಮನುಷ್ಯರದು ತುಂಬಿಕೊಳ್ಳುವುದಿಲ್ಲ. ಅದಕ್ಕೆ ಒಂದೇ ಸಲ ಕೊಟ್ಟರೆ ಜೀವಮಾನದ ತೆರಿಗೆ ಮುಗಿಯಿತು. ಮೈಯ ನೆರಳು ಯಾವ ಹೊತ್ತಿನದಾದರೂ ಗಟ್ಟಿ, ದಪ್ಪ ನೆರಳಿನ ರಾಶಿಗೇ ಸೇರುತ್ತದೆ. ಅವಳು ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಒಂಬತ್ತಕ್ಕೆ, ಉಗ್ರಾಣದ ಅಂಗಳದಲ್ಲಿ ಬಂದು ನಿಂತಳು. ಅಳತೆಗಾರನೂ ನಾನೇ, ಅಣ್ಣನೂ ನಾನೇ. ಅವಳ ಕಾಲಿನ ಬೆರಳುಗಳ ಸುತ್ತ ನಾನೇ ನೂಲು ಒತ್ತಿದೆ. ಚಿಕ್ಕಂದಿನಲ್ಲಿ ಕಟ್ಟೆಯಿಂದ ಬಿದ್ದು ಮುರಿದ ಅವಳ ಎಡಗೈ ಸರಿಯಾಗಿ ಕೂಡಿರಲಿಲ್ಲ, ನೆರಳಿನಲ್ಲೂ ಆ ಸೊಟ್ಟ ಇತ್ತು. ಅಲ್ಲಿ ನೂಲನ್ನು ಎರಡು ಸಲ ಒತ್ತಿ ತಿರುಗಿಸಬೇಕಾಯಿತು.

"ಸಾವಕಾಶ ತಿರುವಣ್ಣ, ಮತ್ತ ಮುರದೀಯ" ಎಂದು ನಕ್ಕಳು. ಮೂರು ಮೊಳ, ಒಂದು ಗೇಣು. ರಸೀದಿ ಬರೆದುಕೊಟ್ಟೆ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ತೆರಿಗೆದಾರರು ಮೃತಪಟ್ಟಲ್ಲಿ ಒಂದು ದಿನದೊಳಗೆ ನೆರಳನ್ನು ಹಿಂದಿರುಗಿಸತಕ್ಕದ್ದು ಎಂದು ಅಚ್ಚಾಗಿರುತ್ತದೆ. ನಮ್ಮಲ್ಲಿ ಯಾರನ್ನೂ ನೆರಳಿಲ್ಲದೆ ಮಣ್ಣಿಗಿಡುವುದಿಲ್ಲ.

ನೆರಳು ಕೊಟ್ಟವರಿಗೆ ಬಿಸಿಲು ಮೈಮೇಲೆ ನಿಲ್ಲುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಹುಲಿಗಿ ಕೆಲಸ ಮಾಡುತ್ತಿದ್ದದ್ದು ಗುಡ್ಡದ ಬುಡದ ಕಣದಲ್ಲಿ. ಅದೂ ಸಾವುಕಾರರದೇ. ಬಯಲಲ್ಲಿ ಹರವಿದ ಮೆಣಸಿನಕಾಯಿಯ ನಡುವೆ ಇಡೀ ದಿನ ಕೂತು ತೊಟ್ಟು ಬಿಡಿಸಬೇಕು. ಅಲ್ಲಿ ನಲವತ್ತು ಹೆಣ್ಣುಮಕ್ಕಳು, ನಲವತ್ತು ಜನಕ್ಕೂ ನೆರಳಿಲ್ಲ. ಎಂಟು ವರ್ಷ ತಡೆದುಕೊಂಡಳು. ಈ ವರ್ಷ ಶಿವರಾತ್ರಿ ಮುಗಿದ ವಾರದಲ್ಲೇ ಎಚ್ಚರ ತಪ್ಪಿ ಬಿದ್ದಳು, ಹದಿನೈದು ದಿನಕ್ಕೆ ಮತ್ತೊಮ್ಮೆ ಬಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಒಳಗೆಲ್ಲಾ ಸುಟ್ಟೈತ್ರಿ. ಮೂರನೇ ಸಲ ಬಿದ್ರ ಏಳಂಗಿಲ್ಲ. ತಲಿ ಮ್ಯಾಲ ಗಟ್ಟಿ ನೆರಳು ಇರಬೇಕು, ಇಲ್ಲಾಂದ್ರ ಕೆಲಸ ಬಿಡಬೇಕು" ಎಂದರು.

ಕೆಲಸ ಬಿಡು, ನಮ್ಮ ಮನೆಯಲ್ಲಿರು ಎಂದೆ. ಒಪ್ಪಲಿಲ್ಲ. ಅಣ್ಣನ ಮನೆಯ ಅನ್ನ ಎರಡು ದಿನ ರುಚಿ, ಮೂರನೇ ದಿನ ಅತ್ತಿಗೆಯ ಮುಖ ನೋಡಿ ಉಣ್ಣಬೇಕಾಗುತ್ತದೆ ಎಂಬುದು ಅವಳ ವಾದ. ನನ್ನ ಹೆಂಡತಿ ಅಂಥವಳಲ್ಲ. ಆದರೂ ನಾನು ಬಲವಂತ ಮಾಡಲಿಲ್ಲ. ನೆರಳಿನ ಉಗ್ರಾಣದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಅಣ್ಣನಿಗೆ ಒಂದು ಮೂರು ಮೊಳ ಸಿಗಲಿಕ್ಕಿಲ್ಲವೇ ಎಂಬ ಜಂಬ ನನಗೂ ಇತ್ತು. ನಾನೇ ಅರ್ಜಿ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿದೆ: ಅನಾರೋಗ್ಯದ ಕಾರಣ ಮೂರು ಮೊಳ ನೆರಳು ದಯಪಾಲಿಸಬೇಕು.

ಅರ್ಜಿ ಒಂದೇ ದಿನದಲ್ಲಿ ಮಂಜೂರಾಯಿತು. ಮೂರು ಮೊಳ ಸಹಾಯದ ನೆರಳು. ಗೋಡೆಯದು. ನಾನೇ ಅಳೆದು, ನಾಲ್ಕು ಮಡಿಕೆ ಮಾಡಿ, ಕಣಕ್ಕೆ ಹೋಗಿ ಅವಳ ತಲೆಯ ಮೇಲೆ ಹೊದಿಸಿದೆ. ಹತ್ತೂವರೆಗೆ ತೂತು ಬಿತ್ತು. ಹನ್ನೊಂದಕ್ಕೆ ಅಂಚು ಮಾತ್ರ ಉಳಿದಿತ್ತು. ನಾನು ಬೇಜಾರು ಮಾಡಿಕೊಂಡೇನೆಂದು ಅವಳು ಆ ಅಂಚನ್ನೇ ತಲೆಗೆ ಸುತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದ ಖಾಸಿಂಬಿ, "ಮಾನಪ್ಪಣ್ಣ, ನಮಗೂ ಇದನ್ನ ಕೊಟ್ಟಿದ್ರು. ನಾವು ಮನಿಗೆ ಒಯ್ದು ಹಾಲು ಸೋಸಾಕ ಇಟಗೊಂಡೀವಿ" ಎಂದಳು. ಹೆಣ್ಣುಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಆಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಅಳತೆಯನ್ನು ಮತ್ತೆ ಮಧ್ಯಾಹ್ನಕ್ಕೆ ತರಬೇಕು, ನಮ್ಮ ಕಣ್ಣೆದುರೇ ಕೊಯ್ಯಬೇಕು, ಆಗ ಗುಡ್ಡದ ಗೋಡೆಯಿಂದ ಎಷ್ಟು ನೆರಳು ಬರುತ್ತದೆಂದು ನೋಡೋಣ ಎಂದು ಅಲ್ಲೇ ನಿಂತು ಹೇಳಿದೆ. ನೀವೆಲ್ಲ ಒಂದು ಮನವಿಗೆ ಹೆಬ್ಬೆಟ್ಟು ಹಾಕಿ ಎಂದೆ. ಎಲ್ಲರೂ ತೊಟ್ಟು ಬಿಡಿಸುತ್ತಲೇ ಇದ್ದರು. ಕೊನೆಗೆ ಹುಲಿಗಿಯೇ ಬಾಯಿ ಬಿಟ್ಟಳು.

"ಯಣ್ಣ, ಸುಮ್ಮ ಹೋಗು. ಗ್ವಾಡಿಗೆ ನೆರಳಿಲ್ಲ ಅಂತ ಸಾವುಕಾರ್ರು ಬ್ಯಾರೆ ಊರಿಗೆ ಹ್ವಾದ್ರ ನಾವು ಯಾರ ಕಣಕ್ಕ ಹೋಗೂನು? ಅವ್ರು ನಾಕು ಮೊಳ ಹೆಚ್ಚಿಗಿ ತಗೋವಲ್ರ್ಯಾಕ. ನಮಗ ಕೂಲಿ ಐತಲ್ಲ."

"ನೀ ಸಾಯಾಕತ್ತಿ, ಹುಲಿಗಿ."

"ಎಲ್ಲಾರೂ ಸಾಯೋರ" ಎಂದು ಮತ್ತೆ ತೊಟ್ಟು ಬಿಡಿಸತೊಡಗಿದಳು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಸಾವುಕಾರರ ಮೇಲಲ್ಲ.

ಮುಖ್ಯಾಧಿಕಾರಿ ಇಂದುಮತಿ ಮೇಡಂ ಹತ್ತಿರ ಹೋದೆ. ಒಳ್ಳೆಯ ಹೆಂಗಸು, ಸಿಡುಕು ಮೋರೆಯಿಲ್ಲ. ನನ್ನ ಮಾತನ್ನೆಲ್ಲ ಕೇಳಿದರು. "ಮಾನಪ್ಪನವರೇ, ಗಟ್ಟಿ ನೆರಳು ಒಂದು ಮೊಳಾನೂ ಉಗ್ರಾಣದಲ್ಲಿಲ್ಲ ಅಂತ ನಿಮಗೇ ಗೊತ್ತು. ಏಳುನೂರು ಗುಡ್ಡಕ್ಕೆ ಹೋಯ್ತು, ಉಳಿದದ್ದು ಆಸ್ಪತ್ರೆ, ಆಫೀಸುಗಳಿಗೆ ಹಂಚಿ ಆಯ್ತು. ಕೊಟ್ಟ ಪ್ರೋತ್ಸಾಹ ಕಿತ್ತುಕೊಳ್ಳೋಕೆ ನಾನ್ಯಾರು? ಆದರೆ ಅಳತೆಗಾರರು ಹೋಗಿ ತಪಾಸಣೆ ಮಾಡಬಹುದು ಅಂತ ನಿಯಮ ಇದೆ. ಇದುವರೆಗೆ ಯಾರೂ ಹೋಗಿಲ್ಲ. ಬಳಕೆಯಾಗದ ನೆರಳು ಸಿಕ್ಕರೆ ವರದಿ ಕೊಡಿ" ಎಂದರು. ನಾನು ಊಟವನ್ನೂ ಮಾಡದೆ ಗುಡ್ಡ ಹತ್ತಿದೆ.

ರಾಚಪ್ಪ ಸಾವುಕಾರರು ಅಂಗಳದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಲ್ಲಿ ಮರ ಇರಲಿಲ್ಲ, ನೆರಳಿತ್ತು. ಹುಲ್ಲಿನ ಮೇಲೆ ಹರವಿದ್ದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಶಾಲೆಯ ಹೊಂಗೆಯದು, ಗಂಟೆ ಕಟ್ಟಲು ಟೊಂಗೆ ಕಡಿದ ಕಡೆ ಒಂದು ಖಾಲಿ ಇದೆ, ಅದೇ ಗುರುತು. ಆ ಶಾಲೆಯ ಮಕ್ಕಳು ಈಗ ಮಧ್ಯಾಹ್ನದ ಊಟವನ್ನು ಬಿಸಿಲಿನಲ್ಲಿ ಕೂತು ಉಣ್ಣುತ್ತಾರೆ.

"ಬರ್ರಿ ಮಾನಪ್ಪನವ್ರ, ಕುಂದರ್ರಿ. ಇಂಥಾ ಬಿಸಿಲಾಗ ಯಾಕ ಬಂದ್ರಿ? ಹೇಳಿ ಕಳಿಸಿದ್ರ ಗಾಡಿ ಕಳಸ್ತಿದ್ನಲ್ಲ" ಎಂದರು. ಮಜ್ಜಿಗೆ ತರಿಸಿದರು. ಮಜ್ಜಿಗೆ ಚೆನ್ನಾಗಿತ್ತು, ನೆರಳೂ ಚೆನ್ನಾಗಿತ್ತು. ಎರಡನ್ನೂ ಅನುಭವಿಸುತ್ತಾ ನಾನು ತಂಗಿಯ ವಿಷಯ ಹೇಳಿದೆ. ಮೂರು ಮೊಳ ಸಾಕು ಎಂದೆ.

ಅವರು ಸಿಟ್ಟಾಗಲಿಲ್ಲ. "ನೋಡ್ರಿ, ಸಾವುಕಾರಗ ಪುಕ್ಕಟೆ ನೆರಳು ಹೊಕ್ಕೈತಿ ಅಂತ ಮಂದಿ ಆಡ್ಕೋತಾರ, ನನ್ನ ಕಿವಿಗೂ ಬೀಳ್ತೈತಿ. ಎರಡು ಸಾವಿರ ಕೊಟ್ಟು ಏಳುನೂರು ತಗೋತೀನಿ. ಪುಕ್ಕಟೆ ಯಾರಿಗೆ ಸಿಕ್ಕಂಗಾತು? ಅಳದವ್ರು ನೀವ ಅಲ್ಲೇನು?"

"ಅಳದಾಂವ ನಾನ, ಖರೆ. ಆದ್ರ ತೂಕ ನೋಡಿದ್ರ..."

"ತೂಕದ ಕಾಲಂ ಎಲ್ಲೈತ್ರಿ?" ಎಂದು ಕೇಳಿದರು. ಕುಹಕದಿಂದ ಕೇಳಲಿಲ್ಲ, ನಿಜವಾಗಿಯೂ ಕೇಳಿದರು. ತಾವು ಈ ಊರನ್ನು ಹೊತ್ತುಕೊಂಡಿದ್ದೇವೆ ಎಂದು ಆ ಮನುಷ್ಯ ಮನಸಾರೆ ನಂಬಿದ್ದರು. ಇಪ್ಪತ್ತೊಂದು ವರ್ಷ ಶಾಲು ಹೊದಿಸಿ, ಸಂಖ್ಯೆ ಓದಿ, ಆ ನಂಬಿಕೆ ಹುಟ್ಟಿಸಿದವನು ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದ.

"ಒಬ್ಬಾಕಿಗೆ ಕೊಟ್ರ ನಾಳೆ ನಲವತ್ತು ಮಂದಿ ಬಂದು ನಿಂದರ್ತಾರ. ನೀವು ಪುರಸಭೆಯಿಂದ ಒಂದು ಆರ್ಡರ್ ತರ್ರಿ, ನಾ ಇಲ್ಲ ಅನ್ನೂದಿಲ್ಲ. ತಪಾಸಣಿ ಮಾಡ್ತೀರೇನು? ಮಾಡ್ರಿ, ಮುಚ್ಚುಮರಿ ಏನೈತಿ" ಎಂದು ತಮ್ಮ ಉಗ್ರಾಣದವನನ್ನು ಕರೆದು ಬೀಗದಕೈ ಕೊಟ್ಟರು. ಅವನು ಬಾಗಿಲು ತೆಗೆದು ಊಟಕ್ಕೆ ಹೋದ.

ಕೋಲ್ಡ್ ಸ್ಟೋರೇಜಿನ ಹಿಂದೆ ನೆಲಮಾಳಿಗೆ. ಮೇಲೆ ಸಿಮೆಂಟಿನ ಚಾವಣಿ, ಎರಡಡಿ ದಪ್ಪದ ಗೋಡೆ. ಕತ್ತಲೆ. ಅಲ್ಲಿ ಏಳುನೂರಲ್ಲ, ಸಾವಿರಾರು ಮೊಳ ಬಿದ್ದಿತ್ತು, ವರ್ಷ ವರ್ಷದ್ದು, ಚಾವಣಿಯವರೆಗೆ ಒಟ್ಟಿದ್ದರು. ಹೊಂಗೆಯದೊಂದನ್ನು ಬಿಟ್ಟರೆ ಒಂದನ್ನೂ ಬಿಚ್ಚಿರಲಿಲ್ಲ. ನಾನೇ ಕಟ್ಟಿದ ಹುರಿ, ನಾನೇ ಹಾಕಿದ ಗಂಟು. ಮೆಣಸಿನಕಾಯಿಗೆ ತಂಪು ಮಾಡುವುದು ಯಂತ್ರ, ಅವರಿಗೆ ನೆರಳು ಬೇಕಾಗಿಯೇ ಇರಲಿಲ್ಲ. ಒಂದು ವರ್ಷ ಬೇಡವೆಂದರೆ ಮುಂದಿನ ವರ್ಷದ ಪಾಲು ಕಡಿಮೆಯಾಗುತ್ತದೆ, ಅದಕ್ಕೆ ತೆಗೆದುಕೊಂಡು ಇಟ್ಟಿದ್ದರು, ಅಷ್ಟೆ. ಕತ್ತಲೆಯಲ್ಲಿ ನೆರಳು ಕಣ್ಣಿಗೆ ಕಾಣುವುದಿಲ್ಲ, ಕೈಯಾಡಿಸಿಯೇ ತಿಳಿಯಬೇಕು. ಬೇವು, ಬೇವು, ಹುಣಸೆ, ಮತ್ತೆ ಬೇವು. ಬಾಗಿಲ ಬಳಿಯ ಮೂಲೆಯಲ್ಲಿ ಸಣ್ಣ ಸುರುಳಿಗಳದೇ ಒಂದು ಸಾಲಿತ್ತು. ಮುಟ್ಟಿದ ಕೂಡಲೇ ಮನುಷ್ಯರದೆಂದು ತಿಳಿಯಿತು.

ಒಂದೊಂದನ್ನೇ ಬಾಗಿಲ ಸಂದಿನ ಬೆಳಕಿಗೆ ಹಿಡಿದೆ. ಒಂಬತ್ತನೆಯದನ್ನು ಬಿಚ್ಚಿದಾಗ ಆ ಸೊಟ್ಟ ಎಡಗೈ ನನ್ನ ಅಂಗೈ ಮೇಲೆ ಬಂದು ಬಿತ್ತು. ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಎಂಟು ವರ್ಷದ ಹಿಂದಿನ ಹುಲಿಗಿ, ಕೂದಲು ಗಂಟು ಕಟ್ಟಿಕೊಂಡು, ಸ್ವಲ್ಪ ಮೈಕೈ ತುಂಬಿಕೊಂಡು ಇದ್ದಾಗಿನ ಹುಲಿಗಿ. ಅವಳದು ಅವಳಿಗೇ ಸಾಕಾಗಿತ್ತು. ಮೂರು ಮೊಳ ಕೇಳಿದ್ದೆವು, ಇದು ಮೂರು ಮೊಳಕ್ಕೂ ಹೆಚ್ಚು.

ಇದನ್ನು ಬರೆಯುವುದು ನನಗೆ ಕಷ್ಟವಾಗುತ್ತದೆ. ಸುತ್ತ ಯಾರೂ ಇರಲಿಲ್ಲ. ಉಗ್ರಾಣದವನು ಉಣ್ಣುತ್ತಿದ್ದ, ಸಾವುಕಾರರು ಮಲಗಿದ್ದರು. ಸುತ್ತಿ ಧೋತರದೊಳಗೆ ಇಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ರಾಶಿಯಲ್ಲಿ ಒಂದು ಸುರುಳಿ ಕಡಿಮೆಯಾದರೆ ಎಣಿಸುವವರು ಯಾರು? ಎಣಿಸಬೇಕಾದವನೂ ನಾನೇ. ಧೋತರದ ಅಂಚು ಎತ್ತಿದ್ದೂ ನಿಜ. ಆದರೆ ರಸೀದಿಯಿಲ್ಲದೆ ಒಂದು ಗೇಣು ನೆರಳನ್ನೂ ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದವನಲ್ಲ. ನನ್ನ ಕೈ ಊರಿನ ಮೊಳ. ಹೇಗೂ ವರದಿ ಬರೆಯುತ್ತೇನಲ್ಲ, ಆರ್ಡರ್ ಬರುತ್ತದಲ್ಲ, ತಲೆಯೆತ್ತಿಕೊಂಡು ಬಂದು ಒಯ್ಯೋಣ ಎಂದುಕೊಂಡೆ. ಸುರುಳಿಯನ್ನು ಮತ್ತೆ ಸುತ್ತಿದೆ. ಹಳೆಯ ಗಂಟು ಸಡಿಲಾಗಿತ್ತು, ಬಿಗಿಯಾಗಿ ಕಟ್ಟಿದೆ. ಇದ್ದ ಜಾಗದಲ್ಲೇ ಇಟ್ಟೆ.

ವರದಿ ಚೆನ್ನಾಗಿಯೇ ಬಂತು, ಐದು ಪುಟ. ಮೇಡಂ ಓದಿ ತಲೆಯಾಡಿಸಿದರು. ಬಳಕೆಯಾಗದ ನೆರಳಿನ ವಿಷಯವನ್ನು ಸಭೆಯ ಮುಂದಿಡಬೇಕು, ಸಭೆ ಇಪ್ಪತ್ತೊಂದನೇ ತಾರೀಕು, ಸಾವುಕಾರರೂ ಸದಸ್ಯರಾದ್ದರಿಂದ ಅವರಿಗೂ ಒಂದು ಪ್ರತಿ ಕಳಿಸಬೇಕು ಎಂದರು. ನಾನು ಕಣಕ್ಕೆ ಓಡಿಹೋಗಿ ಹುಲಿಗಿಗೆ ಹೇಳಿದೆ: ನಿನ್ನ ನೆರಳು ಸಿಕ್ಕಿದೆ, ಕೆಟ್ಟಿಲ್ಲ, ಇನ್ನು ಹನ್ನೆರಡು ದಿನ ಅಷ್ಟೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. "ಹ್ಯಾಂಗೈತೋ ಅಣ್ಣ?" ಎಂದು ಕೇಳಿದಳು, ದೂರದ ಊರಿನಲ್ಲಿರುವ ಮಗಳ ಸುದ್ದಿ ಕೇಳುವಂತೆ.

"ಚಲೋ ಐತಿ. ಮೈಕೈ ತುಂಬಿಕೊಂಡು ಐತಿ."

"ಮುಟ್ಟಿ ನೋಡಿದ್ಯಾ?"

"ಹೂಂ. ತಂಪೈತಿ."

"ಮತ್ತ ಅಲ್ಲೇ ಬಿಟ್ಟು ಬಂದ್ಯಾ?" ಎಂದಳು. ಅಷ್ಟೇ ಕೇಳಿದ್ದು. ನಾನು ನಿಯಮ ಹೇಳತೊಡಗಿದೆ. ಅವಳು ಹೌದೌದು ಎನ್ನುತ್ತಾ ಮತ್ತೆ ಕಾಯಿ ಎತ್ತಿಕೊಂಡಳು.

ಏಳನೆಯ ದಿನ ಮಧ್ಯಾಹ್ನ ಖಾಸಿಂಬಿ ಬರಿಗಾಲಲ್ಲಿ ಆಫೀಸಿಗೆ ಓಡಿಬಂದಳು. "ಮಾನಪ್ಪಣ್ಣ, ಲಗೂನ ಬಾ. ಹುಲಿಗಿ ಬಿದ್ದಾಳ, ಏಳವಲ್ಲಳು."

ನಾನು ಹೋದಾಗ ಕಣದ ನಡುವೆ, ಕೆಂಪಗೆ ಹರವಿದ ಕಾಯಿಯ ಮೇಲೆ ಮಲಗಿದ್ದಳು. ಎತ್ತಿ ಒಯ್ಯಲು ಗಾಡಿಗೆ ಹೇಳಿ ಕಳಿಸಿದ್ದರು, ಗಾಡಿ ಬಂದಿರಲಿಲ್ಲ. ಉಳಿದ ಹೆಣ್ಣುಮಕ್ಕಳೆಲ್ಲ ಅವಳ ಮೇಲೆ ಬಿಸಿಲು ಬೀಳದಿರಲೆಂದು ಭುಜಕ್ಕೆ ಭುಜ ತಾಗಿಸಿ, ಬಾಗಿ, ಸುತ್ತುಗಟ್ಟಿ ನಿಂತಿದ್ದರು. ಯಾರಿಗೂ ನೆನಪಾಗಿರಲಿಲ್ಲ. ಮೂವತ್ತೆಂಟು ಜನರ ಮೈಯನ್ನು ದಾಟಿ ಬಿಸಿಲು ಪೂರ್ತಿಯಾಗಿ ಅವಳ ಮುಖದ ಮೇಲೆ ಬೀಳುತ್ತಿತ್ತು. ಒಬ್ಬಾಕೆ ಇನ್ನೊಬ್ಬಳಿಗೆ, "ಸರೀ ನಿಂದರ, ಸಂದಿನಾಗ ಬಿಸಲು ಬರಾಕತ್ತೈತಿ" ಎಂದು ಗದರುತ್ತಿದ್ದಳು. ನಾನು ಒಬ್ಬನೇ ನೆರಳಿದ್ದವನು. ಪುರಸಭೆಯ ನೌಕರರಿಗೆ ಮಾಫಿ ಇದೆ. ಹೋಗಿ ಅವಳ ತಲೆಯ ಹತ್ತಿರ ನಿಂತೆ. ನಡುಮಧ್ಯಾಹ್ನ ನನ್ನ ನೆರಳು ನನ್ನ ಚಪ್ಪಲಿಯಷ್ಟೇ ಇತ್ತು. ಕೂತು, ಬಗ್ಗಿ, ಮುಖದ ಮೇಲೆ ಮುಖ ತಂದೆ. ಅಷ್ಟರಲ್ಲಿ ಮುಗಿದಿತ್ತು.

ಮರುದಿನ ಬೆಳಿಗ್ಗೆ ಗುಡ್ಡದಿಂದ ಕಾರು ಬಂತು. ನಿಯಮದಲ್ಲಿ ಒಂದು ದಿನ ಎಂದಿದ್ದರೂ ಅವರು ಅಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಸುರುಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು, ಮೇಲೊಂದು ಹೂವಿನ ಹಾರವೂ ಇತ್ತು. ತಂದವನು ನನ್ನನ್ನು ಹುಡುಕಿ, "ನೀವ ಅಳತಿಯವ್ರಲ್ರೀ? ಅಳದು ಒಂದು ಸೈ ಮಾಡಿ ಕೊಡ್ರಿ. ಸಾವುಕಾರ್ರು ಭಾಳ ನೊಂದಕೊಂಡಾರ" ಎಂದು ಫಾರಂ ಚಾಚಿದ.

ಬೇರೆ ಯಾರೂ ಅಳೆಯುವಂತಿರಲಿಲ್ಲ. ಗಂಟು ಬಿಚ್ಚಿದೆ. ಎಂಟು ದಿನದ ಹಿಂದೆ ನಾನೇ ಬಿಗಿದದ್ದು, ಬಿಚ್ಚಲು ಉಗುರು ನೊಂದಿತು. ಅವಳ ಪಾದದ ಹತ್ತಿರದಿಂದ ಶುರುಮಾಡಿ ಮೊಳಕೈ ಊರುತ್ತಾ ತಲೆಯವರೆಗೆ ಹೋದೆ. ಮೂರು ಮೊಳ, ಒಂದು ಗೇಣು. ಖಾಸಿಂಬಿಯೂ ನಾನೂ ಎರಡು ತುದಿ ಹಿಡಿದು ಹೊದಿಸಿದೆವು. ಕಾಲಿಗೆ ಕಾಲು ಕೂಡಿತು, ಸೊಟ್ಟ ಕೈಗೆ ಸೊಟ್ಟ ಕೈ ಕೂಡಿತು, ಈಚೆಗೆ ಅವಳು ಸೊರಗಿದ್ದರಿಂದ ಸುತ್ತಲೂ ಒಂದು ಬೆರಳಷ್ಟು ಅಂಚು ಉಳಿಯಿತು. ಖಾಸಿಂಬಿ ಆ ಅಂಚಿನ ಕೆಳಗೆ ಕೈಯಿಟ್ಟು, ತಟ್ಟನೆ ಹಿಂದಕ್ಕೆ ಎಳೆದುಕೊಂಡು, ಮತ್ತೆ ಇಟ್ಟಳು. ತನ್ನ ನೆರಳು ಕೊಟ್ಟಾಗಿನಿಂದ ಅವಳ ಕೈ ಅಂಥ ತಂಪು ಕಂಡಿರಲಿಲ್ಲ. "ಯಣ್ಣ, ಇಷ್ಟು ದಿನ ಇದು ಎಲ್ಲಿತ್ತು?" ಎಂದು ಕೇಳಿದಳು.

ಕಾರಿನವನು ಕಾಯುತ್ತಿದ್ದ. ಫಾರಂ ತೆಗೆದುಕೊಂಡು ಬರೆದೆ. ಹೆಸರು, ಓಣಿ, ಕೊಟ್ಟ ಮೊಳ, ಹಿಂದಿರುಗಿದ ಮೊಳ, ಕೊರತೆ ಇಲ್ಲ. ಕೊನೆಯಲ್ಲಿ ಬಳಕೆಯಿಂದ ಆದ ಸವೆತ ಎಂದೊಂದು ಕಾಲಂ ಇತ್ತು. ಅದರಲ್ಲೂ ಇಲ್ಲ ಎಂದು ಬರೆದು ಸಹಿ ಮಾಡಿದೆ.